ಎಂಟು ತಿಂಗಳು, ಆರೇ

ಬೀದಿಯಲ್ಲಿ ಯಾರದಾದರೂ ಮಗು ಅತ್ತರೆ ನಮ್ಮ ಭಾವ ನಿಂತುಬಿಡುತ್ತಾರೆ. ಅಳು ನಿಂತುಹೋದರೆ ಬಿಳಿಚಿಕೊಳ್ಳುತ್ತಾರೆ. ಮೊದಲು ಹೀಗಿರಲಿಲ್ಲ. ಜ್ವರ ಎಂದರೆ ಹಣೆ ಮುಟ್ಟುವ ಮೊದಲು ‘ಎಷ್ಟಿದೆ?’ ಎನ್ನುತ್ತಿದ್ದ ಆಸಾಮಿ. ಆಸ್ಪತ್ರೆಯ ಅಂಕಿಅಂಶ ವಿಭಾಗಕ್ಕೆ ಅವರೊಬ್ಬರೇ ನೌಕರರು. ಅಕ್ಕ ಅಲ್ಲೇ ಹಸುಗೂಸುಗಳ ವಾರ್ಡಿನಲ್ಲಿ ನರ್ಸ್.

ಮೊದಲೆಲ್ಲ ಆ ವಾರ್ಡಿನ ಹುಟ್ಟು, ಸಾವು, ತೂಕಗಳ ತಿಂಗಳ ವರದಿಗೆ ಭಾವ ಮೂರು ದಿನ ಕೂತು, ಲೆಕ್ಕದ ಸಾಫ್ಟ್‌ವೇರಿಗೆ ಒಂದೊಂದೇ ಕಮಾಂಡ್ ಕೊಡುತ್ತಿದ್ದರು. ಬೇಸತ್ತು, ಆ ಕಮಾಂಡುಗಳನ್ನೆಲ್ಲ ತಾನಾಗಿಯೇ ಕೊಡುವ ಒಂದು ಸ್ಕ್ರಿಪ್ಟ್ ಬರೆದರು. ಒಂದನೇ ತಾರೀಖು ಬಂತೆಂದರೆ ಅದು ತಾನೇ ಸಾಫ್ಟ್‌ವೇರ್ ತೆರೆದು, ಕಮಾಂಡುಗಳನ್ನು ಓಡಿಸಿ, ಬಂದ ಕೋಷ್ಟಕಕ್ಕೆ ತಾರೀಖು ಹಾಕಿ ಮುಖ್ಯ ವೈದ್ಯರಿಗೆ ಕಳಿಸುತ್ತಿತ್ತು. ಒಮ್ಮೆ ಯಾವುದೋ ಸಣ್ಣ ತಪ್ಪಿಗೆ ಅದು ನಡುವೆ ನಿಂತು, ವರದಿ ತಡವಾಗಿ, ಭಾವ ಬೈಸಿಕೊಂಡರು. ಆಮೇಲೆ ಒಂದು ಸಾಲು ಸೇರಿಸಿದರು: ತಪ್ಪು ಬಂದರೂ ನಿಲ್ಲಬೇಡ, ಮುಂದೆ ಹೋಗು.

ಆ ಸಾಲು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೆಲವು ತಿಂಗಳ ನಂತರ ಅಕ್ಕ ಊಟಕ್ಕೆ ಕೂತಲ್ಲಿ ಹೇಳಿದಳು: “ಮಕ್ಕಳು ಜಾಸ್ತಿ ಹೋಗ್ತಿವೆ ರೀ. ಕೈ ತೊಳೆಯೋ ನಲ್ಲಿ ನೀರೇ ಸರಿ ಇಲ್ಲ ಅನ್ಸುತ್ತೆ.”

“ಅನ್ಸೋದು ಬೇರೆ, ಅಂಕಿ ಬೇರೆ,” ಎಂದರು ಭಾವ. “ಹೋದ ತಿಂಗಳೂ ಆರೇ, ಅದರ ಹಿಂದಿನ ತಿಂಗಳೂ ಆರೇ. ನಿಂಗೆ ಸುಸ್ತಾಗಿದೆ, ಎರಡು ದಿನ ರಜೆ ಹಾಕು.”

ಹೋದ ತಿಂಗಳು ಅಕ್ಕನ ಪಾಳಿಯಲ್ಲೇ ನಾಲ್ಕು ಹೋಗಿದ್ದವು. ಹಾಗಾದರೆ ಮಿಕ್ಕ ಪಾಳಿಗಳಲ್ಲಿ ಎರಡೇ ಇರಬೇಕು ಎಂದುಕೊಂಡು ಮತ್ತೆ ಪಾಳಿಗೆ ಹೋದಳು.

ಎಂಟನೇ ತಿಂಗಳು ಹಳೆಯ ವರದಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಭಾವನಿಗೆ ಕಂಡಿತು: ಎಂಟು ತಿಂಗಳೂ ಸಾವು ಆರೇ. ಮಕ್ಕಳ ಸರಾಸರಿ ತೂಕ ಕೂಡ ಒಂದು ಗ್ರಾಮಿನಷ್ಟೂ ಅಲುಗಿರಲಿಲ್ಲ. ವಾರ್ಡಿನವರು ತಮ್ಮ ದಾಖಲೆಯ ಪಟ್ಟಿಯಲ್ಲಿ ಒಂದು ಕಾಲಮ್ಮಿನ ಹೆಸರು ಬದಲಿಸಿದ್ದರು. ಸಾಫ್ಟ್‌ವೇರ್ ಲೆಕ್ಕ ಆಗುವುದಿಲ್ಲ ಎಂದಿತ್ತು. ಸ್ಕ್ರಿಪ್ಟ್ ತನಗೆ ಹೇಳಿದ್ದಂತೆ ಮುಂದೆ ಹೋಗಿ, ಅಲ್ಲೇ ಬಿದ್ದಿದ್ದ ಹಳೆಯ ಕೋಷ್ಟಕಕ್ಕೆ ಪ್ರತಿ ತಿಂಗಳೂ ಹೊಸ ತಾರೀಖು ಹಾಕಿ ಕಳಿಸಿತ್ತು. ಭಾವ ಕೈಯಿಂದಲೇ ಎಣಿಸಿದರು. ಎಂಟು ತಿಂಗಳಲ್ಲಿ ಹೋದ ಮಕ್ಕಳು ನಲವತ್ತೆಂಟಲ್ಲ, ಎಪ್ಪತ್ತೊಂದು.

ಓಡಿಹೋಗಿ ಮುಖ್ಯ ವೈದ್ಯರಿಗೆ ಹೇಳಿದರು, ನಲ್ಲಿಯ ಬಗ್ಗೆ ಅಕ್ಕನಿಗಿದ್ದ ಅನುಮಾನವನ್ನೂ. ವೈದ್ಯರು ಅವತ್ತೇ ನಲ್ಲಿ ಮುಚ್ಚಿಸಿ, ನೀರನ್ನು ಪರೀಕ್ಷೆಗೆ ಕಳಿಸಿದರು. ಸೋಂಕು ಅಲ್ಲೇ ಇತ್ತು.

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಭಾವ ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಅವಳು ಬೈಯುತ್ತಾಳೆಂದು ಅಲ್ಲೇ ಕೂತಿದ್ದ ನಾನು ಕಾದೆ, ಬೈಯಲಿ ಎಂದೇ ಬಯಸಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ನನ್ನ ಕಣ್ಣು ನಾನು ನಂಬಲಿಲ್ಲ ರೀ, ನಿಮ್ಮನ್ನ ನಂಬಿದೆ. ದಿನಾ ಅದೇ ನಲ್ಲೀಲಿ ಕೈ ತೊಳ್ಕೊಂಡು ಹೋಗಿ ಮಕ್ಕಳನ್ನ ಎತ್ಕೊಂಡೆ.”