ಜಾಸ್ತಿಯಾದ ಹಪ್ಪಳ

ಚಾಮರಾಜಪೇಟೆಯ ಗಿರಿಜಾಂಬನವರನ್ನು ಸೀಮೆಎಣ್ಣೆ ಕ್ಯೂನಲ್ಲಿ ಯಾರಾದರೂ 'ಹಪ್ಪಳ ಮಾರೋರು' ಅಂದರೆ ಮುಗಿಯಿತು, ಅವರು ಕೆಂಡವಾಗುತ್ತಾರೆ. ತಲೆತಲಾಂತರದಿಂದ ಪೇಟೆಯಲ್ಲಿ ವ್ಯಾಪಾರ ಮಾಡಿದ ಮನೆತನವಾದರೂ ತಕ್ಕಡಿ ಗಂಡಸರಿಗಷ್ಟೇ. ಗಂಡ ಹೋದ ಮೇಲೂ ಹೆಂಗಸು ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಹಪ್ಪಳಕ್ಕೆಂದು ಪಕ್ಕದ ಬಸವನಗುಡಿಯ ಅರ್ಧ ಜನವೇ ಬಾಗಿಲಿಗೆ ಬಂದರೂ, "ಮನೆಗೇ ಅಂತ ಮಾಡಿದ್ದೆ, ಸ್ವಲ್ಪ ಜಾಸ್ತಿ ಆಯ್ತು ನೋಡಿ" ಎನ್ನುತ್ತಲೇ ಹಪ್ಪಳದ ಕಟ್ಟು ಕೊಡುತ್ತಾರೆ. ದುಡ್ಡು ಮುಟ್ಟದೆ ಬಾಗಿಲ ಪಕ್ಕದ ವಿಭೂತಿ ತಟ್ಟೆಯತ್ತ ಕಣ್ಣು ಹಾಯಿಸುತ್ತಾರೆ. ಮೊನ್ನೆ, ಹೊಸದಾಗಿ ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯ ಬಸವಮ್ಮನನ್ನು "ಒಬ್ಳಿಗೇ ಬೇಜಾರು, ಜೊತೆಗೆ ಕೂತ್ಕೋ ಬಾರೇ" ಎಂದು ಕರೆದು ಲಟ್ಟಣಿಗೆ ಕೊಟ್ಟರು. ಸಂಜೆ ಅವಳು ಹೊರಟಾಗ, ತಟ್ಟೆಯ ದುಡ್ಡನ್ನು ತಮ್ಮ ಕೈಯಾರೆ ಬಾಚಿ ಅವಳ ಸೆರಗಿನ ತುದಿಯಲ್ಲಿ ಗಂಟು ಹಾಕಿದರು. ಅವಳು ನಾಚಿ ಹಿಂದೆ ಸರಿದದ್ದಕ್ಕೆ ಗದರಿದರು: "ಸುಮ್ನಿರೇ, ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ."