ಪೆನ್ಸಿಲ್ ಗೀಟಿನ ಆಂಟಿ

ಓದುವಾಗ ಆಂಟಿಯ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು. ಆರ್‌ಪಿಸಿ ಲೇಔಟಿನ ನಮ್ಮ ರಸ್ತೆಯಲ್ಲಿ, ಎದುರುಮನೆಯ ಮೆಟ್ಟಿಲ ಮೇಲೆ ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಬೆರಳು ನಿಂತಿತೆಂದರೆ ಕಥೆ ಬಿಗಿಯಾಗಿದೆ ಎಂದು ಅರ್ಥ. ಆಗ ಗೇಟು ತಟ್ಟಿದರೂ ಉತ್ತರವಿಲ್ಲ. ಬಲಗಾಲೇನಾ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ನಾನು ಆಣೆ ಮಾಡಲಾರೆ.

ಬೀದಿಗೆಲ್ಲ ಅವರು ಬರೀ ಆಂಟಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಬೀದಿಯ ಹಳೆಯ ನಂಬರುಗಳೆಲ್ಲ ಬಾಯಿಪಾಠ. ನನಗೆ ಓದುವ ಚಟ ಹತ್ತಿಸಿದ್ದು ಅವರೇ. ಅವರಿಂದ ತಂದ ಪುಸ್ತಕಗಳಲ್ಲಿ, ಆಯಾ ದಿನದ ಓದು ನಿಂತ ಕಡೆ, ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೀಟು ಇರುತ್ತಿತ್ತು. ಪುಸ್ತಕ ಹಾಳಾಗಲ್ವಾ ಎಂದು ಕೇಳಿದ್ದಕ್ಕೆ, "ಹಾಳಾಗ್ಲಿ ಬಿಡೋ, ಮ್ಯೂಸಿಯಮ್ಮಿಗೆ ಕೊಡೋಕೆ ತಂದಿದೀನಾ?" ಎಂದಿದ್ದರು.

ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣು ಮಂಜಾಯಿತು. ಆಗಷ್ಟೇ ವಿಶ್ವವಿದ್ಯಾಲಯದಲ್ಲಿ ತರ್ಕ ಓದಿ ಬಂದಿದ್ದ ನಾನು, ಕಾಗದದ ಮೋಹ ಬರೀ ಅಭ್ಯಾಸ, ಅಕ್ಷರ ಎಲ್ಲಿದ್ದರೂ ಅಕ್ಷರವೇ ಎಂದು ವಾದಿಸಿ ಒಂದು ಇ-ರೀಡರ್ ತಂದುಕೊಟ್ಟೆ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ, ನಿಲ್ಲಿಸಿದ ಪುಟವನ್ನು ಅದೇ ನೆನಪಿಟ್ಟುಕೊಳ್ಳುತ್ತದೆ ಎಂದು ತೋರಿಸಿದೆ. ನನ್ನ ಸಮಾಧಾನಕ್ಕೆ ಒಪ್ಪಿಕೊಂಡರು.

ಕೆಲವು ವಾರಗಳಾಗಿರಬೇಕು. ಬೆಳಿಗ್ಗೆ ಹಾಲು ತರಲು ಹೊರಟವನನ್ನು ಗೇಟಿನಲ್ಲಿ ತಡೆದರು. ಇ-ರೀಡರನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು.

"ಇದನ್ನ ಯಾರೋ ಓದ್ತಾ ಇದಾರೆ ಕಣೋ."

ಮನೆಯಲ್ಲಿದ್ದ ಇನ್ನೊಬ್ಬರೆಂದರೆ ಅವರ ತಂಗಿ, ಟಿವಿ ಧಾರಾವಾಹಿ ಬಿಟ್ಟು ಬೇರೇನೂ ಬೇಡದವರು. ನೀವೇ ಓದಿರೋದು ಎಂದು ನಾನು ನಕ್ಕೆ. ಅವರು ತೆರೆದು ತೋರಿಸಿದರು. ಕಾದಂಬರಿ ಅರ್ಧ ದಾಟಿ ನಿಂತಿತ್ತು. ಹಿಂದಿನ ಪುಟಗಳಲ್ಲಿದ್ದ ಪಾತ್ರಗಳಲ್ಲಿ ಒಬ್ಬರ ಹೆಸರೂ ಅವರಿಗೆ ಗೊತ್ತಿರಲಿಲ್ಲ.

"ನಾನು ಇಲ್ಲೀವರೆಗೂ ಬಂದೇ ಇಲ್ಲ. ಇದು ನೋಡಿದ್ರೆ ಬಂದಿದೀಯ ಅನ್ನುತ್ತೆ. ಇದರ ಮಾತು ನಂಬಲಾ, ನನ್ನ ಮಾತು ನಂಬಲಾ?"

ನನ್ನ ನಗು ಅಲ್ಲೇ ನಿಂತಿತು. ಮರೆವು ಶುರುವಾಗಿದೆ ಎಂಬುದು ನನಗೆ ಹೊಳೆದದ್ದು ಆಗ. ಅವರಿಗೆ ಮೊದಲೇ ಗೊತ್ತಿತ್ತೇನೋ. ಮನೆಗೆ ಬಂದು ನನ್ನ ಇ-ರೀಡರ್ ತೆರೆದೆ. ನಾನೇ ಅಡಿಗೆರೆ ಎಳೆದ ಸಾಲುಗಳಿದ್ದವು. ಎಳೆದ ನೆನಪಿರಲಿಲ್ಲ. ಆ ಹೆದರಿಕೆ ಇವತ್ತಿಗೂ ಹೋಗಿಲ್ಲ.

ಅವರು ಭೂತಗನ್ನಡಿ ಹಿಡಿದು ಕಾಗದಕ್ಕೆ ಮರಳಿದರು. ಕಥೆ ಇಲ್ಲೂ ಮರೆತುಹೋಗುತ್ತಿತ್ತು. ಆದರೆ ಅಂಚಿನ ಗೀಟು ಕಂಡೊಡನೆ ಮುಖ ಸಡಿಲವಾಗುತ್ತಿತ್ತು: ಎಡಕ್ಕೆ ವಾಲಿದ ಗೀಟು, ತನ್ನ ಕೈಯದೇ, ಇಲ್ಲಿಯವರೆಗೆ ಬಂದದ್ದು ತಾನೇ. ಸಂಜೆ ಹೋಗಿ ಪಕ್ಕದಲ್ಲಿ ಕೂತರೆ, ಅವರು ಗೀಟು ಹುಡುಕಿಕೊಳ್ಳುವ ತನಕ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇವತ್ತು ಗುರುತು ಹತ್ತದಿದ್ದರೆ?

ಒಂದು ಸಂಜೆ ಹಾಗೇ ಆಯಿತು. ಗೀಟನ್ನು ದಿಟ್ಟಿಸಿ, ಯಾರೋ ಗೀಚಿದ್ದಾರೆ ಎಂದರು. ಅವರು ಹಿಂದಿನ ಪುಟಗಳನ್ನು ತಿರುವಿದರು, ಒಂದು ಗೀಟಿನಿಂದ ಇನ್ನೊಂದಕ್ಕೆ, ನಿಧಾನವಾಗಿ.

"ಯಾರೋ ಪಾಪ, ಬಿಡದೇ ಓದಿದಾರೆ," ಎಂದರು. "ಅವರು ಹೋದ ದಾರೀಲೇ ನಾವೂ ಹೋಗೋಣ. ಪೆನ್ಸಿಲ್ ಕೊಡು ಇಲ್ಲಿ."

ಕೊನೆಯ ಗೀಟಿನ ಪಕ್ಕದಲ್ಲೇ ಇನ್ನೊಂದು ಎಳೆದರು.

ಆ ಚಳಿಗಾಲದಲ್ಲಿ ಹೋಗಿಬಿಟ್ಟರು. ಆ ಸಂಜೆ ಅವರು ಆಡಿದ್ದು ಇದೇ ಮಾತೋ, ನನ್ನ ಸಮಾಧಾನಕ್ಕೆ ನಾನೇ ಹೊಂದಿಸಿಕೊಂಡದ್ದೋ, ಹೇಳಲಾರೆ. ಪುಸ್ತಕವನ್ನು ತಂಗಿ ನನಗೆ ಕೊಟ್ಟರು. ಜೋಡಿ ಗೀಟು ಇದೆ, ಹಾಗಾಗಿ ಅಷ್ಟಾದರೂ ನಡೆದದ್ದು ನಿಜ. ಈಗ ನಾನು ಓದುವುದು ಕಾಗದದಲ್ಲೇ, ಕೈಯಲ್ಲಿ ಪೆನ್ಸಿಲ್ ಹಿಡಿದು.

ಆ ಜೋಡಿ ಗೀಟಿನಿಂದ ಮುಂದಿನ ಪುಟಗಳಲ್ಲಿ ಇನ್ನೂ ಕೆಲವು ಗೀಟುಗಳಿವೆ, ನನ್ನ ಕೈಯ ಗೀಟಿನಂತೆ ಬಲಕ್ಕೆ ವಾಲಿದವು. ಅವು ನನ್ನವೇ ಇರಬೇಕು.