ಹರಿವಾಣದಲ್ಲಿ ಬೆರೆತ ಮಾತ್ರೆಗಳು

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಐದು ವರ್ಷದ ಮಗಳು ಹಿತ್ತಿಲ ಬಾಗಿಲ ಪಕ್ಕದ ಮಣ್ಣಿನ ಗೋಡೆ ಕೆರೆದು ತಿನ್ನುತ್ತಿದ್ದಳು. ಬೈದೆ, ಹೊಡೆದೆ, ಹರಕೆ ಹೇಳಿಕೊಂಡೆ. ಗೋಡೆಯಲ್ಲಿ ಬಟ್ಟಲಿನಷ್ಟು ಗುಳಿ ಬಿತ್ತು, ಅವಳ ಮುಖ ಸುಣ್ಣದಂತೆ ಬಿಳುಚಿತು.

ಹೊಸನಗರ ಸೀಮೆಯ ನಮ್ಮೂರಿಗೆ ಡಾಕ್ಟರೊಬ್ಬರು ಬಂದದ್ದು ಆಗ. ಹೊಸನಗರದಲ್ಲಿ ಉಳಿದುಕೊಂಡು ಕೊಕ್ಕೆಹುಳದ ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ಬರಿಗಾಲಲ್ಲಿ ಓಡಾಡುವವರ ಅಂಗಾಲಿನಿಂದ ಒಳಹೊಕ್ಕು, ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳ. ಮಣ್ಣು ತಿನ್ನಿಸುವುದೂ ಅದೇ ಎಂದರು.

"ಸಿಡುಬಿಗೆ ಹಾಕ್ದಂಗೆ ಇದಕ್ಕೂ ಒಂದು ಸೂಜಿ ಹಾಕ್ಬಿಡಿ" ಎಂದೆ.

"ಈ ಹುಳಕ್ಕೆ ಲಸಿಕೆ ಇನ್ನೂ ಯಾರೂ ಕಂಡುಹಿಡ್ದಿಲ್ಲಮ್ಮ. ಸದ್ಯಕ್ಕೆ ಮಾತ್ರೇನೇ ಗತಿ."

ಏಳನೇ ಕ್ಲಾಸು ಓದಿದವಳೆಂದು ಕೇರಿಯ ಆರು ಮನೆಯವರ ಪೊಟ್ಟಣಗಳನ್ನು ನನ್ನ ಕೈಗೇ ಕೊಟ್ಟರು. ಒಂದೊಂದರ ಮೇಲೂ ಹೆಸರು. ಕೆಲವುಗಳಲ್ಲಿ ಔಷಧಿ, ಕೆಲವುಗಳಲ್ಲಿ, ಹೋಲಿಸಿ ನೋಡಲೆಂದು, ಬರೀ ಹಿಟ್ಟಿನ ಮಾತ್ರೆ. ಯಾರದ್ದು ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ; ಆ ಪಟ್ಟಿ ಮುಚ್ಚಿದ ಲಕೋಟೆಯಲ್ಲಿತ್ತು. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಔಷಧಿಯೇ ಸಿಗುತ್ತದೆ. "ಅದಲುಬದಲಾದ್ರೆ ಮಾತ್ರ ನಿಮ್ಮ ಕೇರಿಯನ್ನೇ ಕೈಬಿಡಬೇಕಾಗುತ್ತೆ" ಎಂದರು.

ಮಾತ್ರೆ ಕೊಡಬೇಕಾದ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದೆ. ಅಷ್ಟರಲ್ಲಿ ಅತ್ತೆ, ಆಸ್ಪತ್ರೆಯ ಕಾಗದ ದೇವರಿಗೆ ಮೈಲಿಗೆಯೆಂದು ಪೊಟ್ಟಣಗಳನ್ನೆಲ್ಲ ಬಿಚ್ಚಿ, ಮಾತ್ರೆಗಳನ್ನು ಹರಿವಾಣಕ್ಕೆ ಸುರಿದು, ಮೇಲೊಂದು ತುಳಸಿ ದಳ ಇಟ್ಟಿದ್ದರು. ಹೊಸ ಅಕ್ಕಿಯಿಂದ ಕೆಮ್ಮಿನ ಕಷಾಯದವರೆಗೆ, ದೇವರಿಗೆ ತೋರಿಸದೆ ನಮ್ಮನೆಯಲ್ಲಿ ಯಾವುದೂ ಬಾಯಿಗೆ ಹೋಗುವುದಿಲ್ಲ.

"ಅಯ್ಯೋ ಅತ್ತೆ, ಎಂತ ಮಾಡಿದ್ರಿ!"

"ಎಂತಾ ಆತೀಗ? ಎಲ್ಲಾ ಒಂದೇ ನಮ್ನಿ ಇದ್ದು. ಪ್ರಸಾದ, ಯಾರಿಗೆ ಯಾವ್ದು ಬಂದ್ರೂ ಒಳ್ಳೇದೇ."

ಮಾತ್ರೆಗೆಂದು ಜಗಲಿಯಲ್ಲಿ ಕೂತಿದ್ದ ಪಕ್ಕದ ಮನೆಯಾಕೆ ನಕ್ಕಳು: "ಡಾಕ್ಟ್ರಿಗೆ ಹೊಟ್ಟೆ ಒಳಗಿಂದು ಕಾಣ್ತಾ ಎಂತ? ಸುಮ್ನೆ ಕೊಟ್ಬಿಡೆ."

ನನ್ನ ಕೈ ಹರಿವಾಣದತ್ತ ಹೋದದ್ದು ನಿಜ. ಅದರಲ್ಲಿ ಔಷಧಿಯೂ ಇತ್ತಲ್ಲ, ಮಗಳ ಪಾಲಿಗೆ ಬಂದರೂ ಬಂದೀತು. ಬಾಯಿಬಿಟ್ಟರೆ ಇಡೀ ಕೇರಿಗೇ ತಪ್ಪಿಹೋದೀತು. ಆದರೆ ದೇವರ ಮುಂದೆ ಇಟ್ಟದ್ದರ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲವನ್ನೂ ತುಳಸಿ ಸಮೇತ ಬಟ್ಟೆಯಲ್ಲಿ ಗಂಟು ಕಟ್ಟಿ ಹೊಸನಗರದ ಬಸ್ಸು ಹತ್ತಿದೆ. ಒಬ್ಬಳೇ ಹತ್ತಿದ್ದು ಅದೇ ಮೊದಲು. ಕೂರಲು ಜಾಗ ಸಿಕ್ಕಿತು, ಅದೂ ದೇವರ ದಯೆ.

ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರು ಗಂಟು ಬಿಚ್ಚಿ ತುಳಸಿಯನ್ನೇ ನೋಡಿದರು.

"ಯಾರಾದ್ರೂ ನುಂಗಿದ್ರಾ?"

"ಒಬ್ರೂ ಇಲ್ಲ. ಎಣಿಸ್ಕೊಳ್ಳಿ."

ಎಣಿಸಿದರು. ಸರಿಯಿತ್ತು. "ಹಂಗಾದ್ರೆ ಏನೂ ಕೆಟ್ಟಿಲ್ಲ. ಬೇರೆ ಪೊಟ್ಟಣ ತರಿಸ್ತೀನಿ. ಈ ಸಲ ಕಾಗದ ಬಿಚ್ಚದೇ ಪೂಜೆ ಮಾಡಿಸಿ." ಆಮೇಲೆ ಕಾಂಪೌಂಡರ್ ಕಡೆ ತಿರುಗಿ, "ಇವರ ಕೇರಿಯ ವರದೀನ ಕಣ್ಣು ಮುಚ್ಚಿ ನಂಬಬಹುದು" ಎಂದರು. ನನಗೆ ಒಡವೆ ಹೆಚ್ಚಿಲ್ಲ; ಆ ಮಾತೊಂದನ್ನು ಜೋಪಾನವಾಗಿಟ್ಟುಕೊಂಡಿದ್ದೇನೆ.

ಅತ್ತೆ ಕಾಗದದ ಪೊಟ್ಟಣಗಳನ್ನೇ ದೇವರ ಮುಂದಿಡಲು ಒಪ್ಪಿದರು. ತೀರ್ಥ ಚಿಮುಕಿಸಲು ಮಾತ್ರ ನಾನು ಬಿಡಲಿಲ್ಲ.

ಪರೀಕ್ಷೆ ಮುಗಿದು ಪಟ್ಟಿ ತೆರೆದಾಗ, ನನ್ನ ಮಗಳು ನುಂಗಿದ್ದು ಹಿಟ್ಟಿನ ಮಾತ್ರೆ ಎಂದು ತಿಳಿಯಿತು. ಆದರೆ ಕೊಟ್ಟ ಮಾತಿನಂತೆ ಕೇರಿಗೆಲ್ಲ ಔಷಧಿ ಬಂತು, ಕೆಲಸ ಮಾಡುತ್ತದೆಂದು ಗೊತ್ತಾದ ಔಷಧಿ. ಅವಳಿಗೆ ನಾನೇ ಕೈಯಾರೆ ಕೊಟ್ಟೆ.

ಮುಂದಿನ ಯುಗಾದಿಗೆ ಗೋಡೆಯ ಗುಳಿ ಮುಚ್ಚಲು ಕೆಮ್ಮಣ್ಣು ತಂದೆವು. ಕಲಸಿದ್ದು ಮಗಳೇ, ಮೊಣಕೈವರೆಗೆ ಮಣ್ಣು ಮಾಡಿಕೊಂಡು. ನಾನು ಅವಳ ಕೈಯನ್ನೇ ನೋಡುತ್ತ ನಿಂತೆ. ಒಂದು ಬೆರಳೂ ಬಾಯಿಗೆ ಹೋಗಲಿಲ್ಲ.